ನಾಣ್ಯ ಬೇಡದ ಆಟ

ಆಟವೆಂದರೆ ಓದಿನ ಶತ್ರುವೆಂದು ನಂಬಿದ ಮನೆ ನಮ್ಮದು. ನಂಬಿಕೆಗೆ ಕಾರಣವೂ ಉಂಟು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲಿನ ಬೆಲೆ ಅಪ್ಪನ ಎಷ್ಟು ದಿನದ ಕೂಲಿ ಎಂಬುದು ಮನೆಯವರಿಗೆಲ್ಲ ಬಾಯಿಪಾಠ. ಹೀಗಿರುವಾಗ ನಾನು ಆಟದ ಯಂತ್ರವೊಂದನ್ನು ಕುರಿತು ಬರೆಯ ಹೊರಟಿರುವುದು ಅಧಿಕಪ್ರಸಂಗವೆಂದು ತೋರಿದರೆ ಆಶ್ಚರ್ಯವಿಲ್ಲ. ವಾಚಕರು ಕೊಂಚ ತಾಳ್ಮೆಯಿಂದ ಓದಬೇಕು.

ಯಂತ್ರದ ಹೆಸರು ‘ಗೇಮ್ ಬಾಯ್ ಅಡ್ವಾನ್ಸ್’. ಜಪಾನಿನ ನಿಂಟೆಂಡೊ ಕಂಪೆನಿ ೨೦೦೧ರಲ್ಲಿ ಹೊರತಂದದ್ದು. ಬೆಂಗಳೂರಿನಲ್ಲಿ ಗುಜರಿ ವ್ಯಾಪಾರ ಮಾಡುವ ನಮ್ಮ ಚಿಕ್ಕಪ್ಪ ಹಬ್ಬಕ್ಕೆ ಬಂದಾಗ, “ತಗೋ ಮಗಾ, ಸೆಲ್ ಹಾಕಿದ್ರೆ ಇನ್ನೂ ಉಸಿರಾಡ್ತದೆ” ಎಂದು ಕೊಟ್ಟ. ಗೋಡೆಯ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ಲು ಸಾಕು. ಪರದೆಗೆ ಸ್ವಂತ ಬೆಳಕಿಲ್ಲ. ಜಗಲಿಯ ಬೆಳಕಿಗೆ ಹಿಡಿದೇ ಆಡಬೇಕು. ಅದರ ಬೆನ್ನಿಗೆ ಸಿಕ್ಕಿಸಿದ್ದ ಬಿಲ್ಲೆಯಲ್ಲಿ ‘ನಾಮ್ಕೊ ಮ್ಯೂಸಿಯಂ’ ಎಂಬ ಸಂಕಲನವಿತ್ತು. ನಾವು ಪಠ್ಯವಾಗಿ ಓದುವ ಕಥಾಸಂಕಲನದಂತೆಯೇ ಇದೂ ಹಳೆಯದನ್ನು ಆರಿಸಿ ಕಟ್ಟಿದ್ದು: ೧೯೭೯ರ ಗ್ಯಾಲಕ್ಸಿಯನ್, ೧೯೮೧ರ ಗ್ಯಾಲಗ, ೧೯೮೨ರ ಮಿಸ್ ಪ್ಯಾಕ್‌ಮನ್, ಡಿಗ್ ಡಗ್ ಮತ್ತು ಪೋಲ್ ಪೊಸಿಷನ್.

ಈ ಐದೂ ಹುಟ್ಟಿದ್ದು ಅಂಗೈಯಲ್ಲಿ ಆಡುವುದಕ್ಕಲ್ಲ. ಆಳೆತ್ತರದ ಪೆಟ್ಟಿಗೆಗಳಲ್ಲಿ, ಅಂಗಡಿಬೀದಿಗಳಲ್ಲಿ, ನಾಣ್ಯ ನುಂಗಿ ಬದುಕುವುದಕ್ಕಾಗಿ. ಅಮೆರಿಕದಲ್ಲಿ ಇಪ್ಪತ್ತೈದು ಸೆಂಟು, ಜಪಾನಿನಲ್ಲಿ ನೂರು ಯೆನ್ನು ಹಾಕಿದರೆ ಒಂದು ಆಟ. ಆಡುವವನು ಬೇಗ ಸೋತಷ್ಟೂ ಪೆಟ್ಟಿಗೆಯ ಒಡೆಯನಿಗೆ ಲಾಭ. ಹಾಗೆಂದು ತೀರ ಬೇಗ ಸೋಲಿಸಿದರೆ ಗಿರಾಕಿ ಮತ್ತೆ ಬಾರನು. ಈ ಎರಡರ ನಡುವಣ ಹದವೇ ಆ ಆಟಗಳನ್ನು ಕಟ್ಟಿದವರ ಜಾಣ್ಮೆ. ನನ್ನ ಕೈಯಲ್ಲಿದ್ದ ಯಂತ್ರಕ್ಕಾದರೋ ನಾಣ್ಯ ಹಾಕುವ ಕಂಡಿಯೇ ಇಲ್ಲ. ಸೋತರೆ ಗುಂಡಿ ಒತ್ತಿದರಾಯಿತು, ಮತ್ತೆ ಮೊದಲಿನಿಂದ!

ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗ್ಯಾಲಗ. ಆಕಾಶದಲ್ಲಿ ಕೀಟಗಳಂಥ ಶತ್ರುಗಳ ಸಾಲು. ಕೆಳಗೆ ನಮ್ಮದೊಂದು ಪುಟ್ಟ ಹಡಗು. ಶತ್ರುಗಳ ನಾಯಕ ಆಗಾಗ ಕೆಳಗಿಳಿದು ಬೆಳಕಿನ ಬಲೆ ಬೀಸುತ್ತಾನೆ. ಅದರೊಳಗೆ ಸಿಕ್ಕ ಹಡಗು ಅವನ ಸೆರೆಯಾಳು. ಹೊಸಬರು ಬಲೆಯಿಂದ ತಪ್ಪಿಸಿಕೊಳ್ಳುತ್ತಾರೆ. ಬಲ್ಲವರು ಬೇಕೆಂದೇ ಸಿಕ್ಕಿಬೀಳುತ್ತಾರೆ. ಏಕೆಂದರೆ ಇನ್ನೊಂದು ಹಡಗಿನಿಂದ, ಸೆರೆಯಾಳಿಗೆ ಏಟು ತಗಲದಂತೆ ಆ ನಾಯಕನನ್ನು ಹೊಡೆದುರುಳಿಸಿದರೆ, ಹೋದದ್ದು ಬಂದು ಪಕ್ಕಕ್ಕೆ ಸೇರಿ ಹಡಗು ಜೋಡಿಯಾಗುತ್ತದೆ. ಅಲ್ಲಿಂದ ಮುಂದೆ ಗುಂಡು ಇಮ್ಮಡಿ. ಮೈಯೂ ಇಮ್ಮಡಿ ಅಗಲ. ಶತ್ರುವಿನ ಏಟು ತಗಲುವುದೂ ಅಷ್ಟೇ ಸುಲಭ.

ಆದರೆ ಈ ಉಪಾಯಕ್ಕೊಂದು ಷರತ್ತಿದೆ. ಕೈಯಲ್ಲಿ ಇನ್ನೊಂದು ಹಡಗು ಉಳಿದಿರಬೇಕು. ಕಡೆಯ ಹಡಗನ್ನೇ ಸೆರೆಗೆ ಕೊಟ್ಟರೆ ಆಟ ಮುಗಿಯಿತು. ಧೈರ್ಯವೆಂದು ನಾವು ಹೊಗಳುವ ಗುಣ ಎಷ್ಟೋ ವೇಳೆ ಉಳಿತಾಯದ ಇನ್ನೊಂದು ಹೆಸರೆಂದು ನನಗೆ ಹೊಳೆದದ್ದು ಇಲ್ಲಿ. ಇದ್ದವನು ಸಾಹಸ ಮಾಡುತ್ತಾನೆ, ಇಲ್ಲದವನು ತಪ್ಪಿಸಿಕೊಂಡು ಓಡಾಡುತ್ತಾನೆ. ನೋಡಿದವರು ಒಬ್ಬನನ್ನು ವೀರನೆಂದೂ ಇನ್ನೊಬ್ಬನನ್ನು ಪುಕ್ಕಲನೆಂದೂ ಕರೆಯುತ್ತಾರೆ. ನನ್ನಂಥವರು ತರಗತಿಯಲ್ಲಿ ಬಾಯಿ ಬಿಡದೆ ಕೂರುವುದು ದಡ್ಡತನದಿಂದಲ್ಲ. ತಪ್ಪು ಉತ್ತರಕ್ಕೂ ಎಲ್ಲೋ ಒಂದು ನಾಣ್ಯ ತೆರಬೇಕಾದೀತೆಂಬ ಭಯದಿಂದ.

ಈ ಲೆಕ್ಕಕ್ಕೆ ಸಿಕ್ಕದವನು ನಮ್ಮ ಅಪ್ಪ. ದುಡಿಯುವ ವಯಸ್ಸಿಗೆ ಬಂದ ಮಗನೊಬ್ಬನೇ ಅವನಿಗಿದ್ದ ಆಸರೆ. ನೆರೆಯವರೆಲ್ಲ ಹುಡುಗನನ್ನು ಕೆಲಸಕ್ಕೆ ಹಚ್ಚೆಂದರು. ಅಪ್ಪ ನನ್ನ ಕಡೆ ತಿರುಗಿ, “ನೀ ಹೋಗಪ್ಪ, ಇಲ್ಲಿದ್ನ ನಾನ್ ನೋಡ್ಕತೀನಿ” ಎಂದುಬಿಟ್ಟ. ಇದ್ದ ಒಂದೇ ಹಡಗನ್ನು ಮೇಲಕ್ಕೆ ಬಿಟ್ಟವನು ಅವನು. ಅದು ಹಿಂತಿರುಗಿ ಪಕ್ಕಕ್ಕೆ ನಿಲ್ಲುತ್ತದೆಂಬ ಭರವಸೆಯನ್ನು ಯಾವ ಯಂತ್ರವೂ ಅವನಿಗೆ ಕೊಟ್ಟಿರಲಿಲ್ಲ. ಈ ವರ್ಷ ಪರೀಕ್ಷೆಗೆ ಕೂರುವಾಗ ನನ್ನ ತಲೆಯಲ್ಲಿರುವ ಭಾರ ಅಂಕಗಳದ್ದಲ್ಲ, ಇದರದು.

ಅಂಕದ ಮಾತು ಬಂದಿತಾಗಿ ಒಂದು ಸಂಗತಿ. ಯಂತ್ರವನ್ನು ಆರಿಸಿದರೆ ಈ ಸಂಕಲನ ಆಡಿದವನು ಗಳಿಸಿದ ಅಂಕಗಳನ್ನೆಲ್ಲ ಮರೆತುಬಿಡುತ್ತದೆ. ಇದೊಂದು ಕೊರತೆಯೆಂದು ವಿಮರ್ಶಕರು ಆಗಲೇ ದೂರಿದ್ದಾರೆ. ದೂರು ನ್ಯಾಯವಾದದ್ದೇ. ಆದರೂ, ಹತ್ತನೆಯ ತರಗತಿಯಿಂದ ಈಚೆಗೆ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಾಪಾಡಿಕೊಂಡು ಬಂದ ನನಗೆ, ನಿನ್ನೆಯ ಸೋಲನ್ನು ಇಂದು ಎತ್ತಿ ಆಡದ ಪರೀಕ್ಷಕನೊಬ್ಬ ಲೋಕದಲ್ಲಿರುವುದು ಹಿತವೆನಿಸಿತು. ಗುರುಗಳು ವಾರಕ್ಕೊಂದು ಗಂಟೆ ಇಂಥ ನಾಣ್ಯವಿಲ್ಲದ, ಅಂಕವಿಲ್ಲದ ತರಗತಿ ನಡೆಸಿದರೆ, ಹಿಂದಿನ ಬೆಂಚುಗಳಿಂದ ಎಷ್ಟು ಪ್ರಶ್ನೆಗಳು ಎದ್ದಾವೋ!

ಯಂತ್ರವೀಗ ಪಿ.ಯು.ಸಿ. ಓದುತ್ತಿರುವ ನನ್ನ ತಂಗಿಯ ಕೈಯಲ್ಲಿದೆ. ಮೊನ್ನೆ ಅವಳು ಬೇಕೆಂದೇ ಹಡಗನ್ನು ಸೆರೆಗೆ ಕೊಟ್ಟು ಕಾಯುತ್ತಿದ್ದಳು. ಅಮ್ಮ ಇನ್ನೂ ಗೊಣಗುತ್ತಾಳೆ. ಸೆಲ್ಲಿನ ಖರ್ಚು ಮಾತ್ರ ನನ್ನದು.