ಕಣ್ಣಿನ ಬೇಟೆ

ಹೈದರಾಬಾದಿನ ವನಸ್ಥಲಿಪುರಂನ ಹರಿಣ ವನಸ್ಥಲಿ ಒಂದು ಕಾಲಕ್ಕೆ ನಿಜಾಮರ ಬೇಟೆಯ ಕಾಡು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ಉಳಿದದ್ದು ಕಣ್ಣು ಮಾತ್ರ. ನನ್ನ ತೆಲುಗು ಗೆಳೆಯರಿಗೆ ಅದೂ ಕೈಕೊಡ್ತಾ ಇತ್ತು, ಗ್ಲಾಕೋಮಾ. ಪೂರ್ತಿ ಹೋಗೋ ಮೊದಲು ಒಂದು ಗಂಡು ಕೃಷ್ಣಮೃಗ ನೋಡಬೇಕು ಅಂತ ಅವರ ಹಟ. ಅವರು ಜಿಂಕ ಅಂದರೆ ನಾನು ಜಿಂಕೆ ಅನ್ನುತ್ತಿದ್ದೆ. ಲೆಕ್ಕಕ್ಕೆ ಅದು ಜಿಂಕೆಯೇ ಅಲ್ಲ, ಕೊಂಬು ಉದುರುವುದಿಲ್ಲ.

ಮೂರು ಭಾನುವಾರ ಬರಿಗೈ. ಕಂದು ಬಣ್ಣದ ಹೆಣ್ಣುಗಳು ಒಣಹುಲ್ಲಿನಲ್ಲಿ ಅವರಿಗೆ ಕಾಣಲೇ ಇಲ್ಲ. ನಾಲ್ಕನೇ ಸಲ ಬಯಲಿನ ಅಂಚಿಗೆ ಗಂಡು ನಿಂತಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಭುಜ ಹಿಡಿದು ಮೆಲ್ಲಗೆ ತಿರುಗಿಸಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ "ದೊರಿಕಿಂದಿ" ಅಂದರು.

ವಾಪಸು ಬರುವಾಗ ಕೊಂಬಿನ ಸುತ್ತು ನಾಲ್ಕು ಅಂದರು. ನನಗೆ ಎಣಿಸಲೂ ಹೊಳೆದಿರಲಿಲ್ಲ.