ಚೇಳೂರಿನ ಹಲಸು, ಮಲೆನಾಡಿನ ಹದ್ದು

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಬೇಸಿಗೆ ಬಂತೆಂದರೆ ಇಲ್ಲಿನ ಮಾರುಕಟ್ಟೆಯಲ್ಲಿ ಹಣ್ಣಿನದೇ ರಾಶಿ. ಇಲ್ಲಿನ ರೈತರೊಬ್ಬರ ಒಂದೇ ಒಂದು ಮರದ ತಾಮ್ರಗೆಂಪು ತೊಳೆಗಳನ್ನು ಮೆಚ್ಚಿದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ‘ಸಿದ್ದು’ ತಳಿಯೆಂದು ಗುರುತಿಸಿತು. ಆ ಮರದಿಂದ ಕಸಿ ಕಟ್ಟಿದ ಸಸಿಗಳು ಈಗ ನಾಡಿನ ನಾನಾ ತೋಟಗಳನ್ನು ಸೇರಿವೆ.

ಆದರೆ ಕಸಿ ಕಟ್ಟಿ ಹೆಚ್ಚಿಸಲಾಗದ ಸಂಪತ್ತೂ ಉಂಟು. ಅದನ್ನು ಅರಿಯಲು ಗುಬ್ಬಿಯಿಂದ ಪಡುವಣಕ್ಕೆ ಹೊರಡಬೇಕು. ತಿಪಟೂರು, ಅರಸೀಕೆರೆಯ ತೆಂಗಿನ ತೋಟಗಳು, ಕಡೂರಿನ ಬಯಲು ಹಿಂದೆ ಸರಿಯುತ್ತವೆ. ಶಿವಮೊಗ್ಗ, ತೀರ್ಥಹಳ್ಳಿ ದಾಟಿದರೆ ಆಗುಂಬೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಿದು. ಹಲಸಿನ ಕಾಡುಬಂಧುವಾದ ಹೆಬ್ಬಲಸು ಬೆಳೆಯುವುದು ಪಶ್ಚಿಮ ಘಟ್ಟದ ಇಂಥ ಕಾಡುಗಳಲ್ಲೇ. ಕೆಂಪು ಹೊಟ್ಟೆಯ ಹದ್ದಿನ ಮನೆಯೂ ಈ ಕಾಡುಗಳೇ.

ಹದ್ದುಗಳ ಪೈಕಿ ಇದು ಚಿಕ್ಕದು. ಉದ್ದ ಸುಮಾರು ಅರ್ಧ ಮೀಟರು. ಕರಿಯ ತಲೆ, ಬಿಳಿಯ ಕೊರಳು, ಕಾವಿ ಬಣ್ಣದ ಹೊಟ್ಟೆ. ಎಳೆಯ ಹಕ್ಕಿಯ ಹೊಟ್ಟೆ ಮಾತ್ರ ಬಿಳಿ. ಮರಗಳ ನೆತ್ತಿಯ ಮೇಲೆ ಎತ್ತರದಲ್ಲಿ ತೇಲುತ್ತಿದ್ದು, ಅಳಿಲೋ ಪಾರಿವಾಳವೋ ಕಂಡೊಡನೆ ರೆಕ್ಕೆ ಮಡಿಸಿ ಕಲ್ಲಿನಂತೆ ಎರಗುತ್ತದೆ. ಕಾಡುಕೋಳಿಯನ್ನೂ ಬಿಡುವುದಿಲ್ಲ.

ಎತ್ತರದ ಮರದಲ್ಲಿ ಕಡ್ಡಿಗಳ ಗೂಡು ಕಟ್ಟಿ ಇದು ಇಡುವುದು ಒಂದೇ ಮೊಟ್ಟೆ. ಆ ಮರ ಉರುಳಿದರೆ ಆ ವರ್ಷದ ಸಂತಾನವೇ ಹೋದಂತೆ. ಕಾಡು ತುಂಡುತುಂಡಾದರೆ ಬೇಟೆಯ ನೆಲೆಯೂ ಹೋಗುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯದ ಅಂಚಿಗೆ ಸಮೀಪಿಸಿದ ಪಕ್ಷಿಗಳ ಸಾಲಿನಲ್ಲಿ ಸೇರಿಸಿದೆ.

ಮುಂದೇನಾದೀತು ಎಂಬುದಕ್ಕೆ ಫಿಲಿಪ್ಪೀನ್ಸ್ ದೇಶದಲ್ಲಿ ಉದಾಹರಣೆಯಿದೆ. ಅಲ್ಲಿನ ರಾಷ್ಟ್ರಪಕ್ಷಿಯೂ ಕಾಡಿನ ಹದ್ದೇ. ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುವ ಆ ಮಹಾಪಕ್ಷಿ, ಕಾಡು ಕರಗಿದಂತೆ ತಾನೂ ಕರಗಿತು. ಈಗ ಉಳಿದಿರುವುದು ಸುಮಾರು 400 ಜೋಡಿ.

ಹಲಸಿನ ಕಸಿ ಸಸಿ ಕೆಲವೇ ವರ್ಷಗಳಲ್ಲಿ ಫಲ ಕೊಡುತ್ತದೆ. ಹದ್ದಿನ ಗೂಡು ಹೊರಬಲ್ಲ ಕಾಡಿನ ಮರ ಬೆಳೆಯಲು ತಲೆಮಾರುಗಳೇ ಬೇಕು. ಚೇಳೂರಿನ ಒಂದು ಮರ ಉಳಿದದ್ದರಿಂದ ಒಂದು ತಳಿ ಉಳಿಯಿತು. ಮಲೆನಾಡಿನಲ್ಲಿ ಹಳೆಯ ಮರಗಳನ್ನು ಉಳಿಸಿಕೊಂಡರೆ ಒಂದು ಹದ್ದಿನ ಕುಲವೇ ಉಳಿದೀತು.