ಪೋಸ್ಟರಿನ ಬೆನ್ನಿಗೆ ಬರೆದದ್ದು

ಹಳೆ ಸಿನಿಮಾ ಪೋಸ್ಟರ್ ಕೂಡಿಡುವ ಹುಚ್ಚು ನಮಗೆ ಹತ್ತಿದ್ದು ಸುದ್ದಿಗಂತ ಊರೂರು ತಿರುಗುವಾಗ. ನಾವಿಬ್ಬರು ಗೆಳೆಯರು. ಒಬ್ಬರು ರಾಯಚೂರಿನಿಂದ, ಇನ್ನೊಬ್ಬರು ದೇವದುರ್ಗದಿಂದ ಸುದ್ದಿ ಕಳಿಸುತ್ತೇವೆ. ಸಿಗುವ ರೊಕ್ಕ ಬೈಕಿನ ಪೆಟ್ರೋಲಿಗೇ ಸಾಲದು. ಆದರೂ ಪೋಸ್ಟರ್ ಕಂಡರೆ ಕೈ ಜೇಬಿಗೆ ಹೋಗುತ್ತದೆ.

ನಮಗೆ ಬೇಕಿದ್ದದ್ದು ಯುದ್ಧದ ಸಿನಿಮಾ ಪೋಸ್ಟರ್. ಮೊಬೈಲಿನಲ್ಲಿ ಜಪಾನಿನ ಹಳೆ ಪೋಸ್ಟರ್‌ಗಳನ್ನು ನೋಡಿ ಹುಟ್ಟಿದ ಆಸೆ ಅದು. ಹವಾಯಿ, ಮಲಯಾ ಕಡಲ ಯುದ್ಧದ ಮೇಲೆ ಅಲ್ಲಿ 1942ರಲ್ಲಿ ದೊಡ್ಡ ಚಿತ್ರ ಬಂದಿತ್ತು. 1945ರಲ್ಲಿ ಜಪಾನ್ ಸೋತ ಮೇಲೆ ಅಮೆರಿಕದ ಆಡಳಿತ ಅಂಥ ಚಿತ್ರಗಳನ್ನು ನಿಷೇಧಿಸಿತು. ಆ ಕಾಲದ ಪೋಸ್ಟರ್ ಈಗ ಅಪರೂಪ. ನಮ್ಮ ಕಡೆ ಪೋಸ್ಟರ್ ಹಾಳಾಗಲು ಯಾವ ನಿಷೇಧವೂ ಬೇಕಾಗಲಿಲ್ಲ. ಮೈದಾ ಅಂಟಿನ ಆಸೆಗೆ ದನಗಳು ತಿಂದವು. ಉಳಿದದ್ದರ ಮೇಲೆ ಮುಂದಿನ ಸಿನಿಮಾದ ಪೋಸ್ಟರ್ ಬಿತ್ತು.

ಮಾನ್ವಿಯಲ್ಲಿ ಒಬ್ಬ ತಾತ ಸಿಕ್ಕರು. ಟಾಕೀಸಿನವರ ಪೋಸ್ಟರ್‌ಗಳನ್ನು ಸೈಕಲ್ ಮೇಲೆ ಹೋಗಿ ಹಳ್ಳಿಹಳ್ಳಿಗೆ ಅಂಟಿಸುತ್ತಿದ್ದವರು. ಅವರ ಟ್ರಂಕಿನ ತಳದಲ್ಲಿ ‘ಮುತ್ತಿನ ಹಾರ’ ಇತ್ತು. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ 1990ರ ಚಿತ್ರ. ಕೊಡಗಿನ ಸೈನಿಕನಾಗಿ ವಿಷ್ಣುವರ್ಧನ್, ಜೊತೆಗೆ ಸುಹಾಸಿನಿ. ರೊಕ್ಕ ಕೊಡಲು ಹೋದರೆ, "ಒಯ್ರಿ ತಮ್ಮಾ, ನಾ ಇಟ್ಕೊಂಡು ಏನ್ ಮಾಡ್ಲಿ" ಅಂದರು. ಬೆನ್ನಿಗೆ ಪೆನ್ಸಿಲಿನಲ್ಲಿ ಯಾವ ಊರಿಗೆ ಎಷ್ಟು ಹಾಳೆ ಅಂತ ಲೆಕ್ಕ ಬರೆದಿದ್ದರು. ಪೋತ್ನಾಳ, ಕವಿತಾಳ ಅಂತ ಮೊದಲೆರಡು ಹೆಸರು ಓದಿದೆವು, ಸುತ್ತಿಕೊಂಡು ಬಂದೆವು.

ಮಡಿಕೆಗಳು ಹರಿದಿದ್ದವು. ರಾಯಚೂರಿನ ಒಂದು ಫ್ರೇಮ್ ಅಂಗಡಿಯಲ್ಲಿ ಹಾರ್ಡ್‌ಬೋರ್ಡಿಗೆ ಅಂಟಿಸಿ ಕೊಡಲು ಹೇಳಿದೆವು. ಮುಂದಿನ ಬಣ್ಣ ಚೆಂದ ಕಂಡಿತು. ಮನೆಗೆ ತಂದು ಗೋಡೆಗೆ ಹಾಕುವಾಗ ಎದೆ ಧಸಕ್ಕೆಂದಿತು. ಬೆನ್ನಿನ ಬರಹ ಪೂರಾ ಹೋಗಿತ್ತು. ಒಂದು ಫೋಟೋ ಸಹ ತೆಗೆದಿರಲಿಲ್ಲ. ದಿನಾ ಫೋಟೋ ತೆಗೆಯುವುದೇ ನಮ್ಮ ಕಸುಬು!

ತಾತನ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆವು. ಅವರು ನಕ್ಕುಬಿಟ್ಟರು. "ಅಂಟಿಸೋ ಕೆಲಸ ನಮ್ದಿತ್ತು, ನಿಮಗ್ಯಾಕ ಬೇಕಿತ್ತು?" ಆಮೇಲೆ ಕೂತು ಊರುಗಳನ್ನು ಬರೆಸಿದರು. ಐದು ನೆನಪಾದವು. ಹಾಳೆಯ ಲೆಕ್ಕ ನೆನಪಾಗಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ನಿಮ್ಮ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಹಳೆ ಪೋಸ್ಟರ್ ಇದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಹಚ್ಚಬೇಡಿ, ಬೋರ್ಡಿಗೆ ಅಂಟಿಸಬೇಡಿ. ಬಿಸಿಲು, ಗೆದ್ದಲು ತಾಗದ ಕಡೆ ಬಿಡಿಸಿ ಇಡಿ. ಅದಕ್ಕೂ ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ. ಅದನ್ನು ಅಂಟಿಸುತ್ತಿದ್ದವರು ಊರಲ್ಲಿ ಇನ್ನೂ ಇದ್ದರೆ, ಹೋಗಿ ಮಾತಾಡಿಸಿ. ನಾವು ಈಗ ಮೊದಲು ಅದನ್ನೇ ಮಾಡುತ್ತೇವೆ.